ಕೂಡದ ಹನಿ

ಕಾಲಂ ಮುಂದೆ ನಿಂತು ಹನಿ ನೋಡುವುದು ಮಾಬುಸಾಬರಿಗೆ ಕೆಲಸವೂ ಹೌದು, ಹುಚ್ಚೂ ಹೌದು.

ತುಂಗಭದ್ರೆಯ ದಂಡೆಯ ಆ ಕಾರ್ಖಾನೆಯಲ್ಲಿ ಹಳೆಯ ವಾಹನಗಳ ಸತ್ತ ಬ್ಯಾಟರಿಗಳನ್ನು ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಅದರಿಂದ ಕೋಬಾಲ್ಟ್ ಬೇರ್ಪಡಿಸುತ್ತಿದ್ದರು. ಆ ಕೆಲಸ ನಡೆಯುತ್ತಿದ್ದುದು ಮೂರು ಮಹಡಿ ಎತ್ತರದ ಒಂದು ಗಾಜಿನ ಕೊಳವೆಯಲ್ಲಿ. ಅದೇ ಕಾಲಂ. ಮೇಲಿನಿಂದ ಲೋಹ ಕರಗಿದ ಗುಲಾಬಿ ಬಣ್ಣದ ನೀರು ಇಳಿಯುತ್ತದೆ, ಕೆಳಗಿನಿಂದ ಸೀಮೆಎಣ್ಣೆಯಂಥ ದ್ರಾವಕ ಏರುತ್ತದೆ. ಏರುವ ದಾರಿಯಲ್ಲಿ ಜರಡಿಯಂಥ ತಟ್ಟೆಗಳಿವೆ. ಪ್ರತಿ ತೂತಿನ ಬಾಯಲ್ಲೂ ದ್ರಾವಕ ಮೊದಲು ಉಬ್ಬುತ್ತದೆ. ಆಮೇಲೆ ಅದರ ಕತ್ತು ಸಣ್ಣಗಾಗುತ್ತದೆ. ಕತ್ತು ಕಡಿದು, ಹನಿ ಬಿಡಿಸಿಕೊಂಡು ಮೇಲೇರುತ್ತದೆ. ಏರುತ್ತ ಏರುತ್ತ ಕೋಬಾಲ್ಟನ್ನು ಹೀರಿ ನೀಲಿಯಾಗುತ್ತದೆ. ತುದಿ ಮುಟ್ಟಿದ ಹನಿಗಳು ಒಂದರೊಳಗೊಂದು ಕೂಡಿ ಪದರವಾಗಿ ನಿಂತ ಮೇಲೆ ಅದನ್ನು ಬಸಿದುಕೊಂಡರೆ ಆಯಿತು.

ಕಷ್ಟವೆಲ್ಲ ಹನಿಯ ಗಾತ್ರದಲ್ಲಿ. ದೊಡ್ಡದಾದರೆ ಲೋಹ ಸರಿಯಾಗಿ ಹೀರುವುದಿಲ್ಲ. ತೀರ ಸಣ್ಣದಾದರೆ ತುದಿಯಲ್ಲಿ ಕೂಡದೆ, ಕಲಸಿದ ಗಂಜಿಯಂತಾಗಿ ಕಾಲಂ ಕಟ್ಟಿಕೊಳ್ಳುತ್ತದೆ. ಇಂಥ ಕಾಲಂಗಳ ಮುಂದೆ ಇಪ್ಪತ್ತೆರಡು ವರ್ಷ ಕಳೆದಿದ್ದ ಮಾಬುಸಾಬರು ಗಾಜಿಗೆ ಮುಖ ಹತ್ತಿಸಿ ನೋಡಿಯೇ ಎಲ್ಲಿ ಎಡವಟ್ಟಾಗಿದೆ ಎಂದು ಹೇಳುತ್ತಿದ್ದರು. ಕಂಟ್ರೋಲ್ ರೂಮಿನ ಪರದೆಗಳಿಗಿಂತ ಇಂಜಿನಿಯರ್ ಪಾರಿಜಾತಳಿಗೆ ಅವರ ಕಣ್ಣಿನ ಮೇಲೆ ನಂಬಿಕೆ ಹೆಚ್ಚು.

ಈ ಕಷ್ಟ ನೀಗಿಸಲೆಂದೇ ಕಾರ್ಖಾನೆಯ ಸಂಶೋಧಕ ಡಾಕ್ಟರ್ ಯೋಗಾನಂದರು ಒಂದು ರಾಸಾಯನಿಕ ಕಂಡುಹಿಡಿದಿದ್ದರು. ಅದಕ್ಕೆ ‘ಕವಚ’ ಎಂದು ಹೆಸರಿಟ್ಟಿದ್ದರು. ಅದರ ಅಣುಗಳು ಹನಿಯ ಮೈಮೇಲೆ ಸಾಲಾಗಿ ನಿಂತು ಒಂದು ತೆಳ್ಳನೆಯ ಸಿಪ್ಪೆಯಾಗುತ್ತವೆ. ಹನಿ ತೂತಿನಿಂದ ಬಿಡುವ ಗಳಿಗೆಯಲ್ಲೇ ಸಿಪ್ಪೆ ಕಟ್ಟಿಕೊಳ್ಳುವುದರಿಂದ ಎಲ್ಲ ಹನಿಗಳೂ ಒಂದೇ ಅಳತೆ, ಸಾಸಿವೆಗಿಂತ ಸಣ್ಣವು. ದಾರಿಯಲ್ಲಿ ಡಿಕ್ಕಿ ಹೊಡೆದುಕೊಂಡರೂ ಒಂದಕ್ಕೊಂದು ಅಂಟುವುದಿಲ್ಲ. ಕಾಲಂನ ತುದಿಯಲ್ಲಿ ಎರಡು ಲೋಹದ ಜಾಲರಿಗಳ ನಡುವೆ ವಿದ್ಯುತ್ ಹಾಯಿಸಿದರೆ ಸಿಪ್ಪೆ ಬಿರಿದು ಹನಿಗಳು ಕೂಡಿಕೊಳ್ಳುತ್ತವೆ. ಸಂಕ್ರಾಂತಿ ಕಳೆದ ಮೇಲೆ ಅದನ್ನು ಕಾಲಂಗೆ ಹಾಕತೊಡಗಿದರು. ಹಿಂದೆಂದೂ ಬಾರದಷ್ಟು ಕೋಬಾಲ್ಟ್ ಬಂತು.

ಯುಗಾದಿಯ ಹಿಂದುಮುಂದಿನ ಒಂದು ಬೆಳಿಗ್ಗೆ ಮಾಬುಸಾಬರು ಪಾರಿಜಾತಳನ್ನು ಕಾಲಂ ಹತ್ತಿರ ಕರೆದರು.

“ಮೇಡಂ, ಕವಚದ ಪಂಪು ಬಂದ್ ಮಾಡಿ ಎಷ್ಟು ದಿನ ಆಯ್ತು?”

“ಸ್ಟಾಕು ಮುಗಿದು ಮೂರು ವಾರ. ಯಾಕೆ?”

“ನೋಡ್ರಿ ಹಂಗಾರೆ.”

ಗಾಜಿನೊಳಗೆ ನೀಲಿ ಹನಿಗಳು ಮಣಿಯ ಸರದಂತೆ ಏರುತ್ತಿದ್ದವು. ಒಂದೇ ಅಳತೆ. ಎರಡು ಹನಿ ಹತ್ತಿರ ಬಂದು, ತಾಗಿ, ಮತ್ತೆ ಬೇರೆಯಾದವು.

“ಔಷಧಿ ಹಾಕ್ದೇನೇ ಹಿಂಗ್ ಬರ್ತಾವೆ. ಹಾಕಿದ್ದು ಎಂದೋ ತೊಳೆದು ಹೋಗ್ಬೇಕಿತ್ತಲ್ಲ. ನಂಗ್ಯಾಕೋ ಸರಿ ಕಾಣ್ತಿಲ್ಲ ಮೇಡಂ.”

ಪಾರಿಜಾತಳಿಗೆ ಸರಿ ಕಂಡಿತು. ಸರಿ ಮಾತ್ರವಲ್ಲ, ಖುಷಿಯೇ ಆಯಿತು. ‘ಒಮ್ಮೆ ಹಾಕಿದ ಕವಚ ವಾರಗಟ್ಟಲೆ ಉಳಿಯುತ್ತದೆ, ಮತ್ತೆ ಮತ್ತೆ ಹಾಕುವ ಅಗತ್ಯವಿಲ್ಲ’ ಎಂದು ಆ ತಿಂಗಳ ವರದಿಯಲ್ಲಿ ಬರೆದಳು. ಯೋಗಾನಂದರು ಆ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದರು.

ಪಾರಿಜಾತಳ ಗಂಡ ಹಾಲೇಶನದು ದಾವಣಗೆರೆಯಲ್ಲಿ ಬೆಣ್ಣೆ ದೋಸೆಯ ಹೋಟೆಲು. ಎಂಟು ಟೇಬಲ್ಲಿನ ಸಣ್ಣ ಜಾಗ, ಆದರೆ ಬೆಳಿಗ್ಗೆ ಆರಕ್ಕೇ ಜನ ಬಂದು ನಿಲ್ಲುತ್ತಿದ್ದರು. ದೋಸೆಗೆ ಬೇಕಾದ ಬೆಣ್ಣೆಯನ್ನೆಲ್ಲ ಅವನ ತಾಯಿ ಕೊಟ್ರಮ್ಮ ಮನೆಯಲ್ಲೇ ತೆಗೆಯುತ್ತಿದ್ದಳು. ನದಿ ದಂಡೆಯ ಹಿರೇಗೊಂದಿಯಿಂದ ಎಮ್ಮೆ ಹಾಲು ಬರುತ್ತಿತ್ತು. ಹಿತ್ತಲ ಮನೆಯಲ್ಲಿ ನಾಲ್ಕು ದೊಡ್ಡ ಪಾತ್ರೆ, ಮೋಟರ್ ಕೂರಿಸಿದ ಕಡೆಗೋಲು. ಅರವತ್ತೆಂಟರ ಕೊಟ್ರಮ್ಮ ಕಡೆಗೋಲಿನ ಸದ್ದು ಕೇಳಿಯೇ ಬೆಣ್ಣೆ ಬಂತೋ ಇಲ್ಲವೋ ಹೇಳುತ್ತಿದ್ದಳು.

ಆ ವಾರ ಒಂದು ಸಂಜೆ ಪಾರಿಜಾತ ಮನೆಗೆ ಬಂದಾಗ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದಳು.

“ಇವತ್ತೂ ಬೆಣ್ಣಿ ಬರಲಿಲ್ಲ ಕಣವ್ವ. ನಾಕು ದಿನ ಆತು. ಒಂದು ತಾಸು ಕಡದೆ, ಎರಡು ತಾಸು ಕಡದೆ. ಬರೇ ನೊರೆ. ತಣ್ಣೀರು ಹಾಕಿದೆ, ಬಿಸಿನೀರು ಹಾಕಿದೆ. ಏನೂ ಇಲ್ಲ.”

“ಮೋಟರ್ ಏನಾದ್ರೂ...”

“ಮೋಟರ್ ಬಿಟ್ಟು ಕೈಲೇ ಕಡದೀನಿ. ರಟ್ಟೆ ಬಿದ್ದು ಹೋಗೈತಿ. ಹಿರೇಗೊಂದಿ ಗಂಗಮ್ಮನ ಮನ್ಯಾಗೂ ಹಂಗೇ ಅಂತ. ಊರಾಗ ಯಾರ ಮನ್ಯಾಗೂ ಬೆಣ್ಣಿ ಇಲ್ಲ. ಯಾರೋ ಕಣ್ಣು ಹಾಕ್ಯಾರ ಅಂತ ಮೆಣಸಿನಕಾಯಿ ಸುಡಾಕತ್ತಾರ.”

ಹಾಲೇಶ ಅಂಗಡಿಯ ಬೆಣ್ಣೆ ತಂದು ದಿನ ದೂಡುತ್ತಿದ್ದ. “ಎಮ್ಮೆಗೆ ಏನೋ ರೋಗ ಇರ್ಬೇಕು ಬಿಡವ್ವ, ಡಾಕ್ಟ್ರು ನೋಡ್ತಾರೆ” ಎಂದು ತಾಯಿಗೆ ಸಮಾಧಾನ ಹೇಳಿದ. ಎಮ್ಮೆ ಡಾಕ್ಟರು ನೋಡಿದ್ದರು. ಎಮ್ಮೆಗಳು ಗಟ್ಟಿಮುಟ್ಟಾಗಿದ್ದವು.

ಬೆಣ್ಣೆ ಬರುವುದೆಂದರೆ ಏನು ಎಂದು ಪಾರಿಜಾತಳಿಗೆ ಗೊತ್ತಿತ್ತು. ಮೊಸರಿನಲ್ಲಿ ತೇಲುವ ಜಿಡ್ಡಿನ ಕಣಗಳು ಕಡೆದಾಗ ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಬೇಕು. ಕೂಡಿದರೆ ಬೆಣ್ಣೆ.

ಮರುದಿನ ಒಂದು ಸಣ್ಣ ಡಬ್ಬಿಯಲ್ಲಿ ಆ ಮಜ್ಜಿಗೆ ಕೊಂಡೊಯ್ದು ಕಾರ್ಖಾನೆಯ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಳು. ಎಮ್ಮೆ ಹಾಲಿನ ಜಿಡ್ಡಿನ ಕಣಗಳು ಹುಟ್ಟಿನಿಂದಲೇ ಒಂದೊಂದು ಒಂದೊಂದು ಗಾತ್ರ. ಇಲ್ಲಿ ಎಲ್ಲವೂ ಒಂದೇ ಅಳತೆಯಲ್ಲಿದ್ದವು. ಸಾಲು ಸಾಲಾಗಿ, ಅಚ್ಚಿನಲ್ಲಿ ಹೊಯ್ದಂತೆ. ಗಾಜಿನ ಪಟ್ಟಿಯನ್ನು ಅಲುಗಿಸಿದಳು. ಎರಡು ಕಣ ಹತ್ತಿರ ಬಂದು, ತಾಗಿ, ಬೇರೆಯಾದವು.

ಇನ್ನೊಂದು ಹನಿ ಇಟ್ಟು ನೋಡಿದಳು. ಅದೂ ಹಾಗೆಯೇ.

ಆದರೂ ಲೆಕ್ಕ ಕೂಡುತ್ತಿರಲಿಲ್ಲ. ಕಾರ್ಖಾನೆಯಿಂದ ನದಿಗೆ ಬಿಡುವ ನೀರನ್ನು ಪ್ರತಿದಿನ ಪರೀಕ್ಷಿಸುತ್ತಿದ್ದವಳು ಅವಳೇ. ಅದರಲ್ಲಿ ಕವಚ ಇದ್ದರೆ ಒಂದು ಕೆರೆಗೆ ಒಂದು ಹನಿಯಷ್ಟು. ಅಷ್ಟರಿಂದ ಒಂದು ಊರಿನ ಬೆಣ್ಣೆ ನಿಲ್ಲುವುದು ಹೇಗೆ? ಎಮ್ಮೆ ಕುಡಿದರೂ, ಆ ನೀರಲ್ಲಿ ಹಾಲಿನ ಪಾತ್ರೆ ತೊಳೆದರೂ ಅದು ಎಲ್ಲಿಗೂ ಸಾಲದು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದಳು. ಕಾಲಂ, ಕವಚ, ಮಾಬುಸಾಬರ ಅನುಮಾನ, ತಾನು ಬರೆದ ವರದಿ, ಯಾವುದನ್ನೂ ಬಿಡಲಿಲ್ಲ. ಕೊಟ್ರಮ್ಮ ಅಡಿಕೆಪುಡಿ ಬಾಯಿಗೆ ಹಾಕಿಕೊಂಡು ಸುಮ್ಮನೆ ಕೇಳಿದಳು. ಕೊನೆಗೆ, “ಒಂದು ಪಾತ್ರಿಯಿಂದ ಇನ್ನೊಂದು ಪಾತ್ರಿಗೆ ಹತ್ತತೈತೇನು ಅದು?” ಎಂದಳು.

“ಹತ್ತೋದಂದ್ರೆ?”

“ಸುಮ್ನಿರು, ನೋಡೇಬಿಡಾಣ.”

ಕೊಟ್ರಮ್ಮನ ತಂಗಿಯ ಮನೆ ಜಗಳೂರಿನ ಕಡೆ, ನದಿಯಿಂದ ದೂರ. ಅಲ್ಲಿಂದ ಮೊಸರು ತರಿಸಿದಳು. ಪಾತ್ರೆಗಳೆಲ್ಲ ಹೊಸವು, ನೀರು ಕೂಡ ಅಲ್ಲಿಯದೇ. ಅರ್ಧ ಮೊಸರು ಹಾಗೆಯೇ ಕಡೆದಾಗ ಕಾಲು ತಾಸಿನಲ್ಲಿ ಹಳದಿ ಛಾಯೆಯ ಬೆಣ್ಣೆ ತೇಲಿತು. ಅದನ್ನು ಕಂಡು ಕೊಟ್ರಮ್ಮನ ಕಣ್ಣು ತುಂಬಿ ಬಂತು. ಉಳಿದರ್ಧಕ್ಕೆ ಹಿರೇಗೊಂದಿಯ ಮಜ್ಜಿಗೆಯನ್ನು ಒಂದೇ ಚಮಚ ಹಾಕಿ ಸಂಜೆಯವರೆಗೆ ಬಿಟ್ಟಳು. ಸಂಜೆ ಕಡೆದರೆ ಬರೀ ನೊರೆ. ಮರುದಿನ ಆ ನೊರೆಯ ಒಂದು ಚಮಚವನ್ನು ಜಗಳೂರಿನ ಮತ್ತೊಂದು ಪಾತ್ರೆಗೆ ಹಾಕಿದಳು. ಅದೂ ಹೋಯಿತು. ಮೂರನೇ ದಿನ ಚಮಚವನ್ನೂ ಹಾಕಲಿಲ್ಲ. ಹಿಂದಿನ ಪಾತ್ರೆಯಲ್ಲಿ ಅದ್ದಿದ ಕಡೆಗೋಲನ್ನು ಒರೆಸಿ ಹೊಸ ಮೊಸರಿಗೆ ಇಳಿಸಿದಳು. ಅಷ್ಟೇ ಸಾಕಾಯಿತು.

“ಹೆಪ್ಪು ಕಣವ್ವ ಇದು,” ಎಂದಳು ಕೊಟ್ರಮ್ಮ. “ಹೆಪ್ಪು ಎಷ್ಟಿದ್ರೇನು? ಒಂದು ಚೂರು ಬಿದ್ರೆ ಹಂಡೆಗಟ್ಲೆ ಹಾಲು ಮೊಸರಾಗ್ತೈತಿ. ಹಾಲಿಗೇ ಅದು ತನ್ನ ಗುಣ ಕಲಿಸಿಬಿಡ್ತೈತಿ.”

ಪಾರಿಜಾತ ಗೋಡೆಗೆ ಒರಗಿ ನಿಂತಳು. ಕವಚದ ಅಣುಗಳು ಹನಿಯ ಮೈಮೇಲೆ ತಾವು ಸಾಲಾಗಿ ನಿಲ್ಲುವುದಷ್ಟೇ ಅಲ್ಲ. ಪಕ್ಕದಲ್ಲಿ ಯಾವ ಜಿಡ್ಡು ಸಿಕ್ಕರೂ ಅದನ್ನೂ ಸಾಲಿಗೆ ನಿಲ್ಲಿಸಿಕೊಳ್ಳುತ್ತಿದ್ದವು. ನಿಂತದ್ದು ಮುಂದಿನದನ್ನು ನಿಲ್ಲಿಸುತ್ತಿತ್ತು. ಕಾಲಂನಲ್ಲಿ ಪಂಪು ನಿಲ್ಲಿಸಿದರೂ ಕವಚ ಮುಗಿಯದೆ ಹೋದದ್ದು ಅದಕ್ಕೇ. ಈಗ ಅದು ನದಿಯಲ್ಲಿತ್ತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪಾರಿಜಾತ ಮೂರು ದಿನದ ನೊರೆ ತುಂಬಿದ ಮೂರು ಡಬ್ಬಿಗಳನ್ನು ಕಂಟ್ರೋಲ್ ರೂಮಿನ ಮೇಜಿನ ಮೇಲಿಟ್ಟಳು. ಯೋಗಾನಂದರು ಕನ್ನಡಕ ಸರಿಮಾಡಿಕೊಂಡು ಅವನ್ನು ನೋಡಿದರು. ಮಾಬುಸಾಬರು ಬಾಗಿಲ ಹತ್ತಿರ ಕೆಮ್ಮುತ್ತ ನಿಂತಿದ್ದರು. ಆ ಕೆಮ್ಮು ಒಂದು ತಿಂಗಳಿನದು.

“ನೋಡಿ ಪಾರಿಜಾತ, ಹೊರಗೆ ಹೋಗ್ತಿರೋದು ಹತ್ತು ಕೋಟಿಯಲ್ಲಿ ಒಂದು ಪಾಲೂ ಇಲ್ಲ. ಅಳತೆ ಮಾಡಿರೋರು ನೀವೇ.”

“ಮೊಸರಿಗೆ ಎಷ್ಟು ಹೆಪ್ಪು ಬೇಕು ಸರ್?”

ಅವಳು ಮೂರು ದಿನಗಳ ಕಥೆ ಹೇಳಿದಳು. ಹೇಳುವಾಗ ಯೋಗಾನಂದರ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಅದನ್ನು ಕಂಡು ಪಾರಿಜಾತ ಅರ್ಧಕ್ಕೇ ನಿಲ್ಲಿಸಿದಳು.

“ನಿಮಗೆ ಗೊತ್ತಿತ್ತು.”

“ಗೊತ್ತಿರಲಿಲ್ಲ,” ಎಂದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕಳೆದ ದೀಪಾವಳಿ ಹೊತ್ತಿಗೆ ಕವಚದ ಪಾತ್ರೆ ತೊಳೀತಿದ್ದ ಲ್ಯಾಬಿನ ಸಿಂಕಿನಲ್ಲಿ ಸೋಪಿನ ನೊರೆ ನಿಂತುಬಿಡ್ತು. ಎಷ್ಟು ತೊಳೆದರೂ ಹೋಗಲಿಲ್ಲ. ಒಂದು ವಾರ ಹಾಗೇ ಇತ್ತು. ನಾನು ಸಿಂಕನ್ನೇ ಬದಲಾಯಿಸಿಬಿಟ್ಟೆ. ಎಲ್ಲೂ ಬರೆದಿಡಲಿಲ್ಲ.”

“ನಾನು ಬರೆದಿಟ್ಟೆ ಸರ್. ದೊಡ್ಡ ಸಾಧನೆ ಅಂತ ಬರೆದಿಟ್ಟೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಈಗಲೇ ಕಾಲಂ ನಿಲ್ಲಿಸೋಣ,” ಎಂದಳು ಪಾರಿಜಾತ.

“ಹೆಡ್ ಆಫೀಸಿಗೆ ಕೇಳಬೇಕು. ಒಂದು ಸಮಿತಿ ಮಾಡ್ತಾರೆ, ಹದಿನೈದು ದಿನದಲ್ಲಿ...”

ಮಾಬುಸಾಬರು ಮುಂದೆ ಬಂದರು. ಫಲಕದ ಮೇಲಿನ ಕೆಂಪು ಗುಂಡಿಯ ಮುಚ್ಚಳ ಎತ್ತಿದರು. “ಸಾಹೇಬ್ರೆ, ಇಪ್ಪತ್ತೆರಡು ವರ್ಷದಾಗ ನಾನು ಇಂಥ ಗುಂಡಿ ಒತ್ತಿಲ್ಲ. ನೀವು ಒತ್ತುತೀರೋ, ನಾನು ಒತ್ಲೋ?”

ಯೋಗಾನಂದರು ಕಿಟಕಿಯ ಕಡೆ ತಿರುಗಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ಮಾಬುಸಾಬರು ಒತ್ತಿದರು. ಪಂಪುಗಳ ಸದ್ದು ಒಂದೊಂದಾಗಿ ಅಡಗಿತು. ಗಾಜಿನೊಳಗೆ ನೀಲಿ ಹನಿಗಳು ಮೆಲ್ಲಗೆ ಮೇಲೆ ಸೇರಿಕೊಂಡವು, ದಾಳಿಂಬೆ ಬೀಜದಂತೆ ಒತ್ತಾಗಿ, ಕೂಡದೆ.

ಮುಂದಿನ ಒಂದು ವಾರ ಅವರು ಮೂವರೂ ಕಾರ್ಖಾನೆ ಬಿಟ್ಟು ಕದಲಲಿಲ್ಲ. ಕವಚ ಯಾವುದಕ್ಕೆ ಸಾಯುತ್ತದೆ ಎಂದು ಹುಡುಕಿದರು. ವಿದ್ಯುತ್ತಿಗೆ ಬಿರಿದ ಸಿಪ್ಪೆ ಮತ್ತೆ ಕಟ್ಟಿಕೊಂಡಿತು. ಆಮ್ಲಕ್ಕೆ ಬಗ್ಗಲಿಲ್ಲ, ಕ್ಷಾರಕ್ಕೆ ಬಗ್ಗಲಿಲ್ಲ, ಬರೀ ಕುದಿಸಿದರೂ ಜಗ್ಗಲಿಲ್ಲ. ಒತ್ತಡದಲ್ಲಿ, ಕುದಿಯುವ ನೀರಿಗಿಂತ ಇಪ್ಪತ್ತು ಡಿಗ್ರಿ ಹೆಚ್ಚು ಕಾವಿನಲ್ಲಿ ಇಪ್ಪತ್ತು ನಿಮಿಷ ಇಟ್ಟಾಗ ಸಿಪ್ಪೆ ಮುದುಡಿತು. ಪ್ರೆಶರ್ ಕುಕ್ಕರಿನಲ್ಲಿ ಇರುವಷ್ಟೇ ಕಾವು. ಕಾಲಂನಲ್ಲಿದ್ದುದನ್ನೆಲ್ಲ ಹಾಗೆ ಕಾಯಿಸಿ ಸುಟ್ಟರು. ಪಾರಿಜಾತ ಜಿಲ್ಲಾಧಿಕಾರಿಗಳ ಮುಂದೆ ನಿಂತು ನಡೆದದ್ದೆಲ್ಲವನ್ನೂ ಹೇಳಿ, ತನ್ನ ವರದಿಯನ್ನೂ ಕೊಟ್ಟಳು. ಕಾರ್ಖಾನೆಗೆ ಬೀಗ ಬಿತ್ತು.

ನದಿಯಲ್ಲಿದ್ದ ಕವಚ ನಲ್ಲಿನೀರಿನಲ್ಲೂ ಬಂತು. ಊರು ಹೊಂದಿಕೊಂಡಿತು. ಬೆಳಿಗ್ಗೆ ಐದಕ್ಕೆ ದಾವಣಗೆರೆಯ ಪ್ರತಿ ಮನೆಯಿಂದಲೂ ಕುಕ್ಕರ್ ಸೀಟಿ ಕೇಳಿಸತೊಡಗಿತು. ಕುಡಿಯುವ ನೀರು, ಹಾಲು, ಮಗುವಿನ ಸ್ನಾನದ ನೀರು, ಎಲ್ಲವೂ ಕುಕ್ಕರಿನಲ್ಲಿ. ಹಾಗೆ ಮಾಡಿದರೂ ತೊಳೆದ ತಟ್ಟೆಯ ಮೇಲೆ ಜಿಡ್ಡು ಮಣಿಮಣಿಯಾಗಿ ಉಳಿಯುತ್ತಿತ್ತು. ಬಟ್ಟೆಯ ನೊರೆ ಗಂಟೆಗಟ್ಟಲೆ ಇಳಿಯುತ್ತಿರಲಿಲ್ಲ. ಚರಂಡಿಗಳಲ್ಲಿ ಮೊಣಕಾಲೆತ್ತರ ಬೆಳ್ಳಗೆ ನಿಂತಿರುತ್ತಿತ್ತು. ಹಾಲೇಶನ ಹೋಟೆಲಿನ ಕಾವಲಿಯ ಮೇಲೆ ಎಣ್ಣೆ ಹರಡದೆ ಗುಂಡುಗುಂಡಾಗಿ ಓಡಾಡುತ್ತಿತ್ತು. ಬಂದವರು ಅದನ್ನು ನೋಡಿ ದೋಸೆ ಬೇಡವೆಂದು ಬರೀ ಚಹಾ ಕುಡಿದು ಹೋದರು. ಕೆಲವು ದಿನಗಳ ಮೇಲೆ ಚಹಾಕ್ಕೂ ಬರಲಿಲ್ಲ.

ಮೇ ತಿಂಗಳಲ್ಲಿ ಮಾಬುಸಾಬರನ್ನು ಆಸ್ಪತ್ರೆಗೆ ಸೇರಿಸಿದರು. ಕಾಲಂನ ಆವಿಯನ್ನು ಬೇರೆ ಯಾರಿಗಿಂತಲೂ ಹೆಚ್ಚು ಉಸಿರಾಡಿದವರು ಅವರೇ. ಡಾಕ್ಟರು ಅವರ ರಕ್ತ ತೆಗೆದು ಇಟ್ಟಾಗ ಕೆಂಪು ಕೆಳಗಿಳಿದು, ತಿಳಿಯಾಗಿರಬೇಕಾದ ಮೇಲ್ಭಾಗ ಮಜ್ಜಿಗೆಯಂತೆ ಬೆಳ್ಳಗೆ ನಿಂತಿತು. ಕಾರ್ಖಾನೆಯ ಎಲ್ಲರೂ ಪರೀಕ್ಷೆಗೆ ರಕ್ತ ಕೊಟ್ಟು ಹೋಗಬೇಕೆಂದು ಹೇಳಿದರು. ಪಾರಿಜಾತಳೂ ಕೊಟ್ಟಳು. ತನ್ನ ಹೆಸರು ಬರೆದ ಕೊಳವೆಯ ಕಡೆ ನೋಡದೆ ಎದ್ದು ಬಂದಳು.

ಮಾಬುಸಾಬರ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಪಕ್ಕದಲ್ಲಿ ಹೆಂಡತಿ ಜೈತುನ್‌ಬಿ ತಸ್ಬಿಯ ಜಪಮಣಿ ಎಣಿಸುತ್ತ ಕೂತಿದ್ದಳು. ಪ್ರತಿ ಉಸಿರಿಗೂ ಅವರ ಎದೆಯೊಳಗೆ ನೊರೆ ಒಡೆಯುವ ಸಣ್ಣ ಸದ್ದು.

“ಮೇಡಂ,” ಎಂದರು, “ನಾವು ಬೇಗ ನಿಲ್ಲಿಸಿದ್ವಲ್ಲ?”

“ಹೂಂ, ಬೇಗ ನಿಲ್ಲಿಸಿದ್ವಿ.”

“ನಂಗೆ ಆವತ್ತೇ ಅನ್ನಿಸಿತ್ತು. ಹನಿ ತಾಗಿದ ಮೇಲೆ ಕೂಡಬೇಕು. ತಾಗಿ ವಾಪಸ್ ಹೋದ್ರೆ ಅದು ಹನಿ ಜಾತಿ ಅಲ್ಲ.”

“ನೀವು ಹೇಳಿದ್ರಿ. ನಾನೇ ಕೇಳಲಿಲ್ಲ ಸಾಬ್ರೆ.”

ಅವರು ಕೈ ಎತ್ತಿ ಇರಲಿ ಬಿಡಿ ಎನ್ನುವಂತೆ ಅಲ್ಲಾಡಿಸಿದರು. ನಾಲ್ಕು ದಿನಗಳ ಮೇಲೆ, ಶುಕ್ರವಾರ ಮಧ್ಯಾಹ್ನ ತೀರಿಕೊಂಡರು. ಮಣ್ಣಿಗೆ ಒಯ್ಯುವಾಗ ಪಾರಿಜಾತ ಅವರ ಮನೆಯ ಹೊರಗಿನ ಬೇವಿನ ಮರದ ಕೆಳಗೆ ಹೆಂಗಸರ ಜೊತೆ ನಿಂತಿದ್ದಳು. ಜೈತುನ್‌ಬಿ ಅವಳ ಕೈ ಹಿಡಿದು ಅತ್ತಳು.

ಜೂನ್ ಮೊದಲ ವಾರ ಮುಂಗಾರಿನ ಮೋಡ ಬಂತು. ಜನ ಮಾಳಿಗೆ ಹತ್ತಿ ಕಾದರು. ಮಳೆ ಬಂದರೆ ನದಿ ತುಂಬಿ ಕೊಳೆಯನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ ಎಂಬ ಆಸೆ. ಪಾರಿಜಾತಳ ಜೊತೆ ಹಾಲೇಶನೂ ಕೊಟ್ರಮ್ಮನೂ ಮೇಲೆ ಹತ್ತಿದರು. ಮೋಡ ಕಪ್ಪಾಯಿತು, ಗುಡುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೆಲ್ಲಗೆ ಕೆಳಗೆ ಇಳಿದು, ಗಡಿಯಾರ ಕಂಬವನ್ನು ಮುಚ್ಚಿ, ಬೀದಿಗಳಲ್ಲಿ ಬೆಳ್ಳಗೆ ತುಂಬಿಕೊಂಡಿತು.

“ಬ್ಯಾಸಗಿ ಮುಗೀತಿದ್ದಂಗೆ ಮಂಜೇನವ್ವ ಇದು?” ಎಂದಳು ಕೊಟ್ರಮ್ಮ.

ಪಾರಿಜಾತ ತನ್ನ ಕೈ ಚಾಚಿದಳು. ಕೂದಲ ತುದಿತುದಿಗೂ ಕಣ್ಣಿಗೆ ಕಂಡೂ ಕಾಣದಂಥ ಹನಿ. ಉಜ್ಜಿದರೆ ಸರಿದವು, ಒಂದಾಗಲಿಲ್ಲ. ಕಾರ್ಖಾನೆಯ ನೀರು ತಣಿಸುವ ಕೂಲಿಂಗ್ ಟವರುಗಳು ಮೂರು ತಿಂಗಳು ನದಿಯ ಅದೇ ನೀರನ್ನು ಆವಿ, ತುಂತುರು ಮಾಡಿ ಮೇಲೆ ಬಿಟ್ಟಿದ್ದವು. ಗಾಳಿಯಲ್ಲಿ ಹೊಗೆಯ ಜಿಡ್ಡು, ಅಡುಗೆಯ ಜಿಡ್ಡು ಇದ್ದೇ ಇರುತ್ತದೆ. ಅದನ್ನೇ ಸಾಲಿಗೆ ನಿಲ್ಲಿಸಿಕೊಂಡು ಕವಚ ಮೋಡದ ಕಣಗಳಿಗೂ ಸಿಪ್ಪೆ ಕಟ್ಟಿತ್ತು. ಮೋಡದ ಲಕ್ಷಾಂತರ ಕಣಗಳು ಕೂಡಿದರೆ ತಾನೆ ಒಂದು ಮಳೆಹನಿ? ಕೂಡದಿದ್ದರೆ ಅದು ಭಾರವಾಗುವುದಿಲ್ಲ, ಬೀಳುವುದಿಲ್ಲ. ಸುಮ್ಮನೆ ಇರುತ್ತದೆ. ಮೋಡವನ್ನು ಕುಕ್ಕರಿನಲ್ಲಿಟ್ಟು ಕಾಯಿಸುವುದು ಹೇಗೆ?

“ಒಳಗೆ ನಡೀರಿ,” ಎಂದಳು. “ಕಿಟಕಿ ಎಲ್ಲ ಹಾಕಿ. ಬಾಗಿಲ ಸಂದಿಗೆ ಬಟ್ಟೆ ತುರುಕಿ.”

“ಯಾಕೆ? ಏನಾಯ್ತು?” ಹಾಲೇಶ ಕೇಳಿದ.

“ಉಸಿರಾಡಬಾರದು ಇದನ್ನ.”

ಒಂಬತ್ತು ದಿನ ಕಳೆದವು. ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಗಲಲ್ಲೇ ದೀಪ ಹಾಕಿಕೊಂಡು ಓಡಾಡಿದರು. ಸೂರ್ಯ ಮಾಸಿದ ಬಿಲ್ಲೆಯಂತೆ ಬಂದು ಹೋದ. ಆಸ್ಪತ್ರೆಯ ಮುಂದೆ ಕೆಮ್ಮುವವರ ಸಾಲು ರಸ್ತೆಗೆ ಬಂತು. ಜಿಲ್ಲಾಧಿಕಾರಿಗಳು ಪಾರಿಜಾತಳಿಗೆ ಕಚೇರಿಯಲ್ಲೇ ಒಂದು ಮೇಜು ಕೊಟ್ಟು, ಊರೂರುಗಳಿಂದ ಬರುವ ಸುದ್ದಿಯನ್ನು ನಕ್ಷೆಯಲ್ಲಿ ಗುರುತು ಹಾಕುವ ಕೆಲಸ ವಹಿಸಿದರು. ಯೋಗಾನಂದರು ಎದುರು ಮೇಜಿನಲ್ಲಿ ಕೂತು, ಕವಚವನ್ನು ಒಡೆಯುವ ಇನ್ನೊಂದು ಅಣುವಿಗಾಗಿ ಹಾಳೆಗಟ್ಟಲೆ ಗೀಚುತ್ತಿದ್ದರು. ಅವರೂ ಈಗ ಕೆಮ್ಮುತ್ತಿದ್ದರು.

ಹತ್ತನೆಯ ದಿನ ಗಾಳಿ ಜೋರಾಯಿತು. ಪಡುವಣದಿಂದ ಮೂಡಣಕ್ಕೆ ಬೀಸುವ ಮುಂಗಾರು ಗಾಳಿ. ಮಂಜು ಅಲುಗಾಡಿದ್ದನ್ನು ಕಂಡು ಕಚೇರಿಯ ಜವಾನರು ಚಪ್ಪಾಳೆ ತಟ್ಟಿದರು. ಪಾರಿಜಾತ ಗೋಡೆಯ ನಕ್ಷೆಯ ಮುಂದೆ ಹೋಗಿ ನಿಂತಳು. ಗಾಳಿಯ ದಾರಿಯಲ್ಲಿ ಚಿತ್ರದುರ್ಗವಿತ್ತು. ಅದರಾಚೆ ಹಿರಿಯೂರು, ಅದರಾಚೆ ಅನಂತಪುರ.

ಮಧ್ಯಾಹ್ನ ಮೂರಕ್ಕೆ ಅವಳ ಮೇಜಿನ ಫೋನು ಬಡಿದುಕೊಂಡಿತು.

“ಮೇಡಂ, ನಾನು ಚಿತ್ರದುರ್ಗದಿಂದ, ಮಳೆ ಮಾಪನ ಕೇಂದ್ರದ ತಿಪ್ಪೇರುದ್ರಪ್ಪ ಮಾತಾಡೋದು. ಇಲ್ಲಿ ಮೋಡ ಕೋಟೆ ಮೇಲಿಂದ ಕೆಳಗೆ ಇಳಿದುಬಿಟ್ಟೈತೆ. ಮಳೆ ಇಲ್ಲ, ಮಾಪಕದಾಗ ಸೊನ್ನೆ. ಮೂವತ್ತು ವರ್ಷ ಸರ್ವಿಸಾಯ್ತು, ಇಂಥದ್ದು ಕಂಡಿಲ್ಲ. ಮಕ್ಕಳೆಲ್ಲ ಬೀದಿಗೆ ಬಂದು ಮಂಜು ಮಂಜು ಅಂತ ಕುಣೀತಾವೆ.”

“ಮಕ್ಕಳನ್ನ ಒಳಗೆ ಕಳಿಸಿ ಸರ್. ಈಗಲೇ ಕಳಿಸಿ.”

ಆ ಕಡೆ ಅವರು ಯಾರನ್ನೋ ಕೂಗಿ ಹೇಳಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದರು.

“ಕಳಿಸ್ತಿದ್ದೀವಿ. ನಿಮ್ಮಲ್ಲೂ ಹಿಂಗೇ ಆಗಿತ್ತಂತಲ್ಲ ಮೇಡಂ? ಎಷ್ಟು ದಿನ ಇದ್ದು ಹೋಯ್ತು?”

ಪಾರಿಜಾತ ಕಿಟಕಿಯ ಕಡೆ ತಿರುಗಿದಳು. ಗಾಳಿ ಬೀಸುತ್ತಲೇ ಇತ್ತು. ಸರಿದುಹೋದ ಮಂಜಿನ ಜಾಗಕ್ಕೆ ಪಡುವಣದಿಂದ ಬಂದ ಹೊಸ ಮೋಡ ಇಳಿದು, ಎದುರಿನ ಕಟ್ಟಡವನ್ನು ಆಗಲೇ ನುಂಗಿತ್ತು.

“ಹೋಗಿಲ್ಲ ಸರ್,” ಎಂದಳು. “ಇಲ್ಲಿಂದ ಇನ್ನೂ ಹೋಗಿಲ್ಲ.”